ದಾಸಿಯ ಹೆಸರೇನು? – ‘ವಂಶವೃಕ್ಷ’, ‘ಪರ್ವ’ ಮತ್ತು ಅಂಡದಾನ

ನಾನು ವೃತ್ತಿಯಿಂದ ಅರಿವಳಿಕೆ ವೈದ್ಯೆ. ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಮದುವೆಯಾಗಿ ಅಮೆರಿಕಕ್ಕೆ ಬಂದು, ಇಲ್ಲೇ ರೆಸಿಡೆನ್ಸಿ ಮಾಡಿ, ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದು ನಿವೃತ್ತಳಾದವಳು. ಸಾಹಿತ್ಯವನ್ನು ಶಾಸ್ತ್ರೀಯವಾಗಿ ಓದಿದವಳಲ್ಲ. ಆದರೆ ಭೈರಪ್ಪನವರ ‘ವಂಶವೃಕ್ಷ’ವನ್ನು ಹಾಸ್ಟೆಲಿನಲ್ಲಿ ಒಂದು ಸಲ, ಇಬ್ಬರು ಮಕ್ಕಳ ತಾಯಾದ ಮೇಲೆ ಒಂದು ಸಲ, ನಿವೃತ್ತಳಾದ ಮೇಲೆ ಮತ್ತೊಂದು ಸಲ ಓದಿದ್ದೇನೆ. ಮೂರನೆಯ ಓದಿಗೆ ಒಂದು ಕಾರಣವಿತ್ತು. ಅದನ್ನು ಹೇಳಿಯೇ ಈ ಲೇಖನ ಶುರುಮಾಡಬೇಕು.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಮಗೆ ತೀರ ಬೇಕಾದ ದಂಪತಿ ಒಂದು ಭಾನುವಾರ ಮನೆಗೆ ಬಂದರು. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿರಲಿಲ್ಲ. ಬೇರೆಯವರ ಅಂಡ ಪಡೆದು ಪ್ರಯತ್ನಿಸಬಹುದೆಂದು ಅವರ ವೈದ್ಯರು ಹೇಳಿದ್ದರು. ಅವರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. “ನಮ್ಮವರ ಪೈಕಿ ಯಾರಾದರೂ ಸಿಗ್ತಾರಾ?” ಎನ್ನುವುದು ಮೊದಲನೆಯದು. “ಮಗುವಿಗೆ ಹೇಳಬೇಕಾ?” ಎನ್ನುವುದು ಎರಡನೆಯದು. ಮೊದಲನೆಯದಕ್ಕೆ ನಗುತ್ತಾ, “ಅಂಡಕ್ಕೆ ಗೋತ್ರ ಇರೋದಿಲ್ಲ” ಎಂದೆ. ಎರಡನೆಯದಕ್ಕೆ ಯೋಚಿಸದೆ, “ಯಾಕೆ ಹೇಳ್ತೀರಿ? ಯಾರಿಗೂ ಗೊತ್ತಾಗೋದಿಲ್ಲ” ಎಂದೆ.

ಮಗಳು ಹುಟ್ಟಿದಳು. ಯುಗಾದಿ, ದೀಪಾವಳಿಗಳಲ್ಲಿ ನಮ್ಮ ಕಣ್ಣೆದುರಿಗೇ ಬೆಳೆದಳು. ಎರಡು ವರ್ಷದ ಕೆಳಗೆ ಗೆಳತಿಯರ ಜೊತೆ ತಮಾಷೆಗೆಂದು ಒಂದು ಕೊಳವೆಗೆ ಎಂಜಲು ಉಗಿದು ಡಿ.ಎನ್.ಎ. ಪರೀಕ್ಷೆಗೆ ಕಳಿಸಿದಳು. ಅಮ್ಮನ ಕಡೆಯ ಸೋದರಸಂಬಂಧಿಗಳು ಯಾರೂ ಹೊಂದಲಿಲ್ಲ, ಎಲ್ಲಿಯವರೋ ಹೊಂದಿದರು. ಆಮೇಲೆ ನನ್ನ ಹತ್ತಿರ ಬಂದು ಅವಳು ಕೇಳಿದ್ದು ಇಷ್ಟೇ: “ಆಂಟಿ, ನಿಮಗೆ ಮೊದಲೇ ಗೊತ್ತಿತ್ತಾ?”

ಗೊತ್ತಿತ್ತು. ಅವಳಿಗೆ ಸಿಟ್ಟಿದ್ದದ್ದು ಬೇರೆ ಅಂಡದಿಂದ ಹುಟ್ಟಿದ್ದಕ್ಕಲ್ಲ. ತನ್ನ ವಿಷಯ ತನಗೊಬ್ಬಳಿಗೆ ಬಿಟ್ಟು ಮಿಕ್ಕವರಿಗೆ ಗೊತ್ತಿತ್ತಲ್ಲ ಎಂಬುದಕ್ಕೆ. ಅವಳ ಮತ್ತು ಅವಳ ತಂದೆತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಅಂದು ರಾತ್ರಿ ಕಪಾಟಿನಿಂದ ‘ವಂಶವೃಕ್ಷ’ವನ್ನು ಮತ್ತೆ ತೆಗೆದೆ.

ಶ್ರೋತ್ರಿಯವರ ಮನೆಯಲ್ಲಿ ಕೇಳದ ದನಿ

1965ರಲ್ಲಿ ಪ್ರಕಟವಾದ ಈ ಕಾದಂಬರಿಯ ಕಥೆ ನಮ್ಮ ಪೀಳಿಗೆಯವರಿಗೆ ಹೊಸದಲ್ಲ. ಕಾದಂಬರಿ ಓದದವರೂ ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರ ಸಿನಿಮಾ ನೋಡಿರುತ್ತಾರೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮಗ ಕಪಿಲೆಯಲ್ಲಿ ಮುಳುಗಿ ಸಾಯುತ್ತಾನೆ. ಸೊಸೆ ಕಾತ್ಯಾಯನಿ ಮೈಸೂರಿಗೆ ಓದಲು ಹೋಗಿ, ರಾಜನನ್ನು ಮೆಚ್ಚಿ ಮರುಮದುವೆಯಾಗುತ್ತಾಳೆ. ಮಗು ಚೀನಿ ಮಾತ್ರ ಅಜ್ಜನ ಮನೆಯಲ್ಲೇ ಉಳಿಯುತ್ತದೆ. ಅದು ಆ ವಂಶದ ಕುಡಿ, ಆದ್ದರಿಂದ ಆ ಮನೆಗೆ ಸೇರಿದ್ದು. ಮಗು ಯಾರದು ಎಂಬ ಪ್ರಶ್ನೆಯಲ್ಲಿ ಹೆತ್ತವಳು ಸೋಲುತ್ತಾಳೆ.

ಇಳಿವಯಸ್ಸಿನಲ್ಲಿ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ನಿಜ ತಿಳಿಯುತ್ತದೆ. ತಂದೆಯೆಂದುಕೊಂಡವನಿಗೆ ಮಕ್ಕಳಾಗುವಂತಿರಲಿಲ್ಲ. ಆಸ್ತಿ ದಾಯಾದಿಯ ಪಾಲಾಗಬಾರದೆಂಬ ಹಟಕ್ಕೆ ಆತ ಇನ್ನೊಬ್ಬನಿಂದ ಹೆಂಡತಿ ಗರ್ಭ ಧರಿಸುವಂತೆ ಮಾಡಿದ್ದ. ಯಾವ ವಂಶವನ್ನು ಧರ್ಮವೆಂದು ಜೀವನವಿಡೀ ಕಾಪಾಡಿಕೊಂಡು ಬಂದರೋ ಆ ವಂಶ ತಮ್ಮದಲ್ಲ. ಈ ಆಸ್ತಿ ನನ್ನದಲ್ಲ ಎಂದು ಬಿಟ್ಟುಕೊಟ್ಟು ಅವರು ಸಂನ್ಯಾಸಕ್ಕೆ ಹೊರಡುತ್ತಾರೆ.

ಹಾಸ್ಟೆಲಿನಲ್ಲಿ ಓದಿದಾಗ ಶ್ರೋತ್ರಿಗಳ ತ್ಯಾಗಕ್ಕೆ ಕಣ್ಣೀರು ಹಾಕಿದ್ದೆ. ಈಗ ಓದಿದಾಗ ನನ್ನ ಮನಸ್ಸು ಅವರ ತಾಯಿಯ ಮೇಲೆ ನಿಂತಿತು. ಆಕೆಗೆ ಆ ಏರ್ಪಾಡು ಒಪ್ಪಿಗೆಯಿತ್ತೇ? ಯಾರಾದರೂ ಕೇಳಿದರೇ? ಮಗನಿಗೆ ಹೇಳಬೇಕೆಂದು ಆಕೆಗೆ ಎಂದಾದರೂ ಅನ್ನಿಸಿತೇ? ಕಾದಂಬರಿ ನಮ್ಮನ್ನು ಆಕೆಯ ಮನಸ್ಸಿನೊಳಗೆ ಕರೆದುಕೊಂಡು ಹೋಗುವುದಿಲ್ಲ. ಆಕೆಯ ಮೈಮೇಲೆ ನಡೆದದ್ದು ಮಗನ ಧರ್ಮಸಂಕಟಕ್ಕೆ ಪೀಠಿಕೆಯಾಗಿ ಮಾತ್ರ ಬರುತ್ತದೆ.

ಇನ್ನೊಂದು ಮಾತನ್ನು ವೈದ್ಯೆಯಾಗಿ ಹೇಳಲೇಬೇಕು. ಮರುಮದುವೆಯ ನಂತರ ಕಾತ್ಯಾಯನಿಗೆ ಮತ್ತೆ ಮತ್ತೆ ಗರ್ಭಪಾತವಾಗುತ್ತದೆ. ಅವಳ ಪಾಪಪ್ರಜ್ಞೆಗೂ ಗರ್ಭ ನಿಲ್ಲದಿರುವುದಕ್ಕೂ ಕಾದಂಬರಿ ಗಂಟು ಹಾಕುತ್ತದೆ. ಪಾತ್ರದ ಮನಸ್ಸಿನಲ್ಲಿ ಅಂಥ ಗಂಟು ಬೀಳುವುದು ಸಹಜ. ಆದರೆ ಕಥೆಯೂ ಅದನ್ನು ತೀರ್ಪಿನಂತೆ ಬಳಸಿಕೊಂಡಾಗ ಓದುಗರು ಹಾಗೆಯೇ ನಂಬುತ್ತಾರೆ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಹೆಚ್ಚಿನವಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಏರುಪೇರು. ಅದು ಪಾಪದ ಫಲವೂ ಅಲ್ಲ, ಕಾಲೇಜಿಗೆ ಹೋದದ್ದರ ಫಲವೂ ಅಲ್ಲ. ಮಕ್ಕಳಾಗದ ಎಷ್ಟೋ ಹೆಣ್ಣುಮಕ್ಕಳು ನನ್ನೆದುರು, “ನಾನೇನು ತಪ್ಪು ಮಾಡಿದೆ?” ಎಂದು ಅತ್ತಿದ್ದಾರೆ. ಈ ಪ್ರಶ್ನೆಯನ್ನು ಅವರಿಗೆ ಕಲಿಸಿದ್ದರಲ್ಲಿ ನಮ್ಮ ಕಥೆಗಳ ಪಾಲೂ ಇದೆ.

‘ಪರ್ವ’ ಕೊಟ್ಟದ್ದು, ಕೊಡದಿದ್ದದ್ದು

ಹದಿನಾಲ್ಕು ವರ್ಷಗಳ ಬಳಿಕ, 1979ರಲ್ಲಿ ಬಂದ ‘ಪರ್ವ’ದಲ್ಲಿ ಅದೇ ಲೇಖಕರು ಅದೇ ಪ್ರಶ್ನೆಗೆ ಮರಳಿದರು. ದೇವತೆಗಳ ವರವೆಂದು ನಾವು ಕೇಳಿ ಬೆಳೆದದ್ದು ಅಲ್ಲಿ ಮನುಷ್ಯರ ನಡುವಿನ ನಿಯೋಗವಾಗಿದೆ. ಪಾಂಡುವಿನಿಂದ ಸಂತಾನ ಸಾಧ್ಯವಿಲ್ಲ. ಹಿಮಾಲಯದ ದೇವಜನಾಂಗದ ಗಂಡಸರು ಕುಂತಿ, ಮಾದ್ರಿಯರಿಗೆ ಮಕ್ಕಳನ್ನು ಕೊಡುತ್ತಾರೆ. ಪಾಂಡವರು ಪಾಂಡುವಿನ ಮಕ್ಕಳೇ ಅಲ್ಲ, ಅವರಿಗೇಕೆ ರಾಜ್ಯ ಎಂಬುದು ದುರ್ಯೋಧನನ ವಾದ.

‘ವಂಶವೃಕ್ಷ’ಕ್ಕಿಂತ ಇಲ್ಲಿ ಒಂದು ದೊಡ್ಡ ಹೆಜ್ಜೆಯಿದೆ. ಕುಂತಿ ತಾನೇ ನೆನಪು ಮಾಡಿಕೊಳ್ಳುತ್ತಾಳೆ. ತನ್ನ ಮೈ, ತನ್ನ ಆಸೆ, ಗಂಡನ ಸಂಕಟ, ಸವತಿಯ ಅಸೂಯೆ ಎಲ್ಲವೂ ಅವಳ ಕಡೆಯಿಂದ ಕಾಣುತ್ತವೆ. ಶ್ರೋತ್ರಿಗಳ ತಾಯಿಗೆ ಸಿಗದ ದನಿ ಕುಂತಿಗೆ ಸಿಕ್ಕಿತು. ನಿಯೋಗ ಸರಿಯೇ ತಪ್ಪೇ ಎಂಬ ಚರ್ಚೆಗೆ ಒಂದು ಹೆಣ್ಣಿನ ಅನುಭವವೂ ಸಾಕ್ಷಿಯಾಯಿತು.

ಆದರೆ ಇವತ್ತಿನ ಅಂಡದಾನವನ್ನು ಅಳೆಯಲು ‘ಪರ್ವ’ದ ಅಳತೆಗೋಲೂ ಸಾಲದು. ನಿಯೋಗದಲ್ಲಿ ಕೊಡುವವನು ಗಂಡಸು. ಅವನ ಮೈಗೆ ಸೂಜಿ ಇಲ್ಲ, ನೋವಿಲ್ಲ. ನಮ್ಮ ಧರ್ಮಶಾಸ್ತ್ರದ ಮಾತಿನಲ್ಲಿ ಅವನು ಬೀಜ, ಅವಳು ಕ್ಷೇತ್ರ. ಬೆಳೆ ಹೊಲದ ಒಡೆಯನಿಗೆ. ಎರಡೇ ಪದಗಳಲ್ಲಿ ಲೆಕ್ಕ ಮುಗಿಯಿತು. ಅಂಡ ಕೊಡುವವಳನ್ನು ಈ ಲೆಕ್ಕದಲ್ಲಿ ಎಲ್ಲಿ ಕೂರಿಸುತ್ತೀರಿ? ಅವಳು ಬೀಜ ಕೊಡುತ್ತಾಳೆ, ಆದರೆ ಗಂಡಸಲ್ಲ. ಹೆಣ್ಣು, ಆದರೆ ಕ್ಷೇತ್ರವಲ್ಲ. ಮಗುವಿನ 46 ವರ್ಣತಂತುಗಳಲ್ಲಿ 23 ಅವಳವು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯ ಅವಳದು. ಅದು ಅವಳ ತಾಯಿಯಿಂದ, ಆ ತಾಯಿಗೆ ಅವಳ ತಾಯಿಯಿಂದ ಬಂದದ್ದು. ಗಂಡಸರ ಹೆಸರುಗಳಿಂದ ಬರೆದ ನಮ್ಮ ಯಾವ ವಂಶವೃಕ್ಷದಲ್ಲೂ ಈ ಸಾಲು ಇಲ್ಲ. “ಅಂಡಕ್ಕೆ ಗೋತ್ರ ಇರೋದಿಲ್ಲ” ಎಂದು ನಾನು ಹೇಳಿದ್ದು ನಿಜವೇ. ಆದರೆ ಅಂಡಕ್ಕೆ ಒಬ್ಬ ಒಡತಿ ಇರುತ್ತಾಳೆ. ಅದನ್ನು ಹೇಳಲು ಮರೆತೆ.

ಮಹಾಭಾರತದಲ್ಲೇ ಅವಳಿಗೆ ಹತ್ತಿರದವಳು ಒಬ್ಬಳಿದ್ದಾಳೆ. ವ್ಯಾಸರನ್ನು ಕಂಡು ಅಂಬಿಕೆ ಕಣ್ಣು ಮುಚ್ಚಿದಳು, ಅಂಬಾಲಿಕೆ ಬಿಳಿಚಿಕೊಂಡಳು. ಎರಡನೆಯ ಸಲ ಹೋಗಲಾರದೆ ಅಂಬಿಕೆ ತನ್ನ ದಾಸಿಗೆ ಒಡವೆ ತೊಡಿಸಿ ಕಳಿಸಿದಳು. ಅವಳಿಗೆ ವಿದುರ ಹುಟ್ಟಿದ. ದಾಸ್ಯದಿಂದ ಬಿಡುಗಡೆಯಾಗುವೆ ಎಂದು ವ್ಯಾಸರು ಅವಳಿಗೆ ಹೇಳಿದರು. ಬಿಡುಗಡೆ ಸಿಕ್ಕಿತು, ಹೆಸರು ಸಿಗಲಿಲ್ಲ. ಅಷ್ಟು ದೊಡ್ಡ ಕಾವ್ಯದಲ್ಲಿ ವಿದುರನ ತಾಯಿ ಬರೀ ‘ದಾಸಿ’. ಇನ್ನೊಬ್ಬಳ ಬದಲಿಗೆ ತನ್ನ ಮೈಯನ್ನು ಒಡ್ಡಿ, ಪ್ರತಿಫಲ ಪಡೆದು, ಕಥೆಯಿಂದ ಹೊರಗೆ ಹೋದವಳು.

ಗಾಂಧಾರಿಯ ನೂರು ಕೊಡಗಳನ್ನು ತೋರಿಸಿ, “ಟೆಸ್ಟ್ ಟ್ಯೂಬ್ ಬೇಬಿ ನಮ್ಮಲ್ಲಿ ಆಗಲೇ ಇತ್ತು” ಎನ್ನುವವರು ನಮ್ಮ ಸಭೆಗಳಲ್ಲೂ ಇದ್ದಾರೆ. ಅವರ ಹೆಮ್ಮೆ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಿಲ್ಲ. ಆ ಕಥೆಗಳಲ್ಲಿ ತಂತ್ರವನ್ನು ಹುಡುಕುವ ಭರದಲ್ಲಿ, ಅವು ಕೇಳುವ ಪ್ರಶ್ನೆಗಳನ್ನು ನಾವು ಬಿಟ್ಟುಬಿಡುತ್ತೇವೆ. ಕಣ್ಣು ಮುಚ್ಚಿದ ಅಂಬಿಕೆಗೆ ಮನಸ್ಸಿತ್ತೇ? ಕಳಿಸಲ್ಪಟ್ಟ ದಾಸಿಗೆ ಇಲ್ಲವೆನ್ನುವ ಅವಕಾಶವಿತ್ತೇ?

ನಾನು ಕಂಡ ದಾನಿಗಳು

ಈ ಪ್ರಶ್ನೆಗಳು ಹಳೆಯವಲ್ಲ ಎನ್ನಲು ನನ್ನದೇ ವೃತ್ತಿಯ ಚರಿತ್ರೆ ಸಾಕು. 1884ರಲ್ಲಿ ಫಿಲಡೆಲ್ಫಿಯಾದಲ್ಲಿ ವಿಲಿಯಂ ಪ್ಯಾನ್‌ಕೋಸ್ಟ್ ಎಂಬ ವೈದ್ಯ, ಮಕ್ಕಳಾಗದ ಒಬ್ಬ ಹೆಂಗಸಿಗೆ ಕ್ಲೋರೋಫಾರಂ ಕೊಟ್ಟು, ಎಚ್ಚರ ತಪ್ಪಿದ್ದಾಗ ತನ್ನ ವಿದ್ಯಾರ್ಥಿಯೊಬ್ಬನ ವೀರ್ಯವನ್ನು ಸೇರಿಸಿದ. ಗಂಡನಿಗೆ ಆಮೇಲೆ ಹೇಳಿದರು. ಹೆಂಡತಿಗೆ ಹೇಳಲೇ ಇಲ್ಲ. 1909ರಲ್ಲಿ ಆಡಿಸನ್ ಡೇವಿಸ್ ಹಾರ್ಡ್ ಎಂಬ ವೈದ್ಯ ಒಂದು ವೈದ್ಯಕೀಯ ಪತ್ರಿಕೆಗೆ ಬರೆದ ಮೇಲೆ ಸಂಗತಿ ಹೊರಬಿತ್ತು. ದಾನಿಯ ನೆರವಿನ ಗರ್ಭಧಾರಣೆಯ ಆಧುನಿಕ ಚರಿತ್ರೆ ಹೀಗೆ, ಅರಿವಳಿಕೆ ಕೊಟ್ಟ ಒಂದು ಹೆಣ್ಣುಮೈಯಿಂದ ಶುರುವಾಗುತ್ತದೆ.

1978ರಲ್ಲಿ ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ಅದೇ ವರ್ಷ ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ‘ದುರ್ಗಾ’ ಹುಟ್ಟಿದಳು. ಅವರನ್ನು ನಂಬದ ವ್ಯವಸ್ಥೆಯಿಂದ ನೊಂದು ಅವರು 1981ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಬೇರೊಬ್ಬಳ ಅಂಡದಿಂದ ಮಗು ಪಡೆಯುವುದು 1984ರ ಹೊತ್ತಿಗೆ ಸಾಧ್ಯವಾಯಿತು. ಇಂದು ಅಮೆರಿಕದಲ್ಲಿ ಇದು ದಿನನಿತ್ಯದ ಚಿಕಿತ್ಸೆ.

ಫಲವತ್ತತೆ ಕ್ಲಿನಿಕ್ಕೊಂದರಲ್ಲಿ ನಾನು ಕೆಲವು ವರ್ಷ ವಾರಕ್ಕೊಂದು ದಿನ ಕೆಲಸ ಮಾಡಿದೆ. ಅಲ್ಲಿ ಅಂಡ ಪಡೆಯುವ ದಂಪತಿಯನ್ನು ನಾನು ನೋಡುತ್ತಿರಲಿಲ್ಲ. ನನ್ನ ಕೈಗೆ ಬರುತ್ತಿದ್ದವರು ಕೊಡುವವರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಹತ್ತು ಹನ್ನೆರಡು ದಿನ ಹೊಟ್ಟೆಗೆ ತಾವೇ ಇಂಜೆಕ್ಷನ್ ಚುಚ್ಚಿಕೊಂಡು ಬಂದಿರುತ್ತಿದ್ದರು. ಸಾಮಾನ್ಯವಾಗಿ ತಿಂಗಳಿಗೆ ಒಂದು ಅಂಡ ಪಕ್ವವಾಗುವ ಮೈಯಲ್ಲಿ ಇಪ್ಪತ್ತು ಪಕ್ವವಾಗುವುದು ಅಪರೂಪವಲ್ಲ. ಯೋನಿಯ ಮೂಲಕ ಸೂಜಿ ಹಾಯಿಸಿ ಅವನ್ನು ಹೀರಿ ತೆಗೆಯುವುದಕ್ಕೆ ಇಪ್ಪತ್ತು ನಿಮಿಷ ಸಾಕು. ಬಹಳ ಮಂದಿ ಅಂದೇ ನಡೆದುಕೊಂಡು ಮನೆಗೆ ಹೋಗುತ್ತಾರೆ. ಕೆಲವರಿಗೆ ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುತ್ತದೆ. ತೀರ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಸಂಚಕಾರ ಬರುತ್ತದೆ. ಈಗಿನ ಔಷಧಕ್ರಮದಿಂದ ಈ ಅಪಾಯ ಬಹಳ ಕಡಿಮೆಯಾಗಿದೆ. ಆದರೆ ದಾನಿಗಳ ಆರೋಗ್ಯವನ್ನು ವರ್ಷಗಟ್ಟಲೆ ಹಿಂಬಾಲಿಸುವ ರಾಷ್ಟ್ರೀಯ ದಾಖಲೆ ಈ ದೇಶದಲ್ಲಿ ಇಲ್ಲ.

ಎಚ್ಚರವಾದ ಕೂಡಲೇ ಅವರಲ್ಲಿ ಅನೇಕರು ಕೇಳುತ್ತಿದ್ದ ಮೊದಲ ಪ್ರಶ್ನೆ: “ಎಷ್ಟು ಸಿಕ್ಕವು?”

‘ದಾನ’ ಎಂಬ ಮಾತು

ಕನ್ನಡದಲ್ಲಿ ನಾವು ಇದನ್ನು ‘ಅಂಡದಾನ’ ಎನ್ನುತ್ತೇವೆ. ನಮ್ಮ ಸಂಪ್ರದಾಯದಲ್ಲಿ ದಾನ ಕೊಡುವವನು ಹೆಸರು, ಗೋತ್ರ ಹೇಳಿ ಸಂಕಲ್ಪ ಮಾಡುತ್ತಾನೆ. ಕನ್ನಡ ನಾಡಿನ ಶಾಸನಗಳಲ್ಲಿ ಬಹುಪಾಲು ದಾನಶಾಸನಗಳೇ. ಯಾರು, ಯಾರಿಗೆ, ಎಷ್ಟು ಕೊಟ್ಟರು ಎಂದು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಊರಿನ ದೇವಸ್ಥಾನದಲ್ಲಿ ಟ್ಯೂಬ್‌ಲೈಟು ಕೊಟ್ಟವರೂ ಬೆಳಕಿಗೆ ಅಡ್ಡವಾಗುವಷ್ಟು ದೊಡ್ಡದಾಗಿ ಹೆಸರು ಬರೆಸುತ್ತಾರೆ! ಕೊಟ್ಟವಳ ಹೆಸರನ್ನು ಅಳಿಸಿಹಾಕುವ ದಾನ ಇದೊಂದೇ ಇರಬೇಕು.

ಇದು ದಾನವೇ, ಮಾರಾಟವೇ? ಅಮೆರಿಕದ ಸಂತಾನ ವೈದ್ಯರ ಸಂಘ 2000ದಲ್ಲಿ, ದಾನಿಗೆ 5,000 ಡಾಲರ್‌ಗಿಂತ ಹೆಚ್ಚು ಕೊಟ್ಟರೆ ಸಮರ್ಥನೆ ಬೇಕು, 10,000 ಮೀರಬಾರದು ಎಂದಿತ್ತು. ಇದು ನಮ್ಮ ಬೆಲೆಯನ್ನು ಕಟ್ಟಿಹಾಕುವ ಒಳಒಪ್ಪಂದ ಎಂದು ದಾನಿಗಳೇ 2011ರಲ್ಲಿ ನ್ಯಾಯಾಲಯಕ್ಕೆ ಹೋದರು. 2016ರ ರಾಜಿಯಲ್ಲಿ ಆ ಅಂಕಿಗಳನ್ನು ತೆಗೆದುಹಾಕಲಾಯಿತು. ಭಾರತದ 2021ರ ಕಾಯ್ದೆ ಬೇರೆ ದಾರಿ ಹಿಡಿದಿದೆ. ದಾನಿಯ ವಯಸ್ಸು 23ರಿಂದ 35, ಜೀವಮಾನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡ ತೆಗೆಯುವಂತಿಲ್ಲ, ಹನ್ನೆರಡು ತಿಂಗಳ ವಿಮೆ ಕಡ್ಡಾಯ, ಮಾರಾಟ ಅಪರಾಧ. ಜರ್ಮನಿಯಲ್ಲಿ ಅಂಡದಾನವೇ ನಿಷಿದ್ಧ. ಬ್ರಿಟನ್ನಿನಲ್ಲಿ ಗೊತ್ತುಪಡಿಸಿದ ಪರಿಹಾರ ಮಾತ್ರ ಉಂಟು.

ಇವುಗಳಲ್ಲಿ ನಾನು ಯಾವುದರ ಕಡೆ? ಹಣ ಕೊಡುವುದೇ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ವೈದ್ಯರು, ಕ್ಲಿನಿಕ್ಕು, ಏಜೆನ್ಸಿ ಎಲ್ಲರೂ ಹಣ ಪಡೆಯುವಾಗ, ಮೈ ಒಡ್ಡಿದವಳೊಬ್ಬಳು ಮಾತ್ರ ಪುಣ್ಯಕ್ಕೆ ಕೊಡಲಿ ಎನ್ನುವುದು ನ್ಯಾಯವಲ್ಲ. ನನಗೆ ಹೆದರಿಕೆಯಾಗುವುದು ಮೈಬಣ್ಣಕ್ಕೆ, ಜಾತಿಗೆ, ಕಾಲೇಜಿನ ಹೆಸರಿಗೆ ತಕ್ಕಂತೆ ಬೆಲೆ ಏರಿದಾಗ. “ನಮ್ಮವರೇ ಬೇಕು” ಎನ್ನುವಲ್ಲಿ ಮಗು ನಮ್ಮಂತೆ ಕಾಣಲಿ ಎಂಬ ಸಹಜ ಆಸೆಯಿದೆ. ಬೇರೆಯ ಅಂಡವೆಂದು ಯಾರಿಗೂ ತಿಳಿಯದಿರಲಿ ಎಂಬ ಲೆಕ್ಕವೂ ಅದರೊಳಗೆ ಅಡಗಿದೆ. ಎರಡನೆಯದು ಇದ್ದಾಗ, ಗುಟ್ಟು ಮಗು ಹುಟ್ಟುವ ಮೊದಲೇ ಶುರುವಾಗಿರುತ್ತದೆ.

ಕೃಷ್ಣನಿಗೆ ಹೇಳಿದರು, ಕರ್ಣನಿಗೆ ಹೇಳಲಿಲ್ಲ

“ಹೇಳಿದರೆ ಮಗು ನನ್ನನ್ನು ಅಮ್ಮ ಅನ್ನುತ್ತದೆಯೇ?” ಎಂಬುದು ತಾಯಿಯ ಭಯ. ಈ ಭಯವನ್ನು ಹಗುರವಾಗಿ ಕಾಣಬಾರದು. ಒಂಬತ್ತು ತಿಂಗಳು ಹೊತ್ತು, ತನ್ನ ರಕ್ತದಿಂದ ಬೆಳೆಸಿ, ಹೆತ್ತು, ರಾತ್ರಿ ಎದ್ದು ಸಾಕಿದವಳು ತಾಯಿಯೇ. ಅದಕ್ಕೆ ಅರ್ಧ, ಮುಕ್ಕಾಲು ಎಂಬ ಲೆಕ್ಕವಿಲ್ಲ. ಆದರೆ ಹೇಳಿದರೆ ತಾಯ್ತನ ಕರಗುತ್ತದೆ ಎನ್ನುವುದಕ್ಕೆ ನಮ್ಮ ಪರಂಪರೆಯೇ ಉತ್ತರ ಕೊಟ್ಟಿದೆ. ದೇವಕಿ ಹೆತ್ತದ್ದು ಊರಿಗೆಲ್ಲ ಗೊತ್ತು. ಅದರಿಂದ ಯಶೋದೆಯ ತಾಯ್ತನಕ್ಕೆ ಒಂದು ಗುಲಗಂಜಿಯಷ್ಟೂ ಕೊರತೆಯಾಗಲಿಲ್ಲ. ನಮ್ಮ ದಾಸರು ಹಾಡಿದ್ದೆಲ್ಲ ಯಶೋದೆಯ ಅಂಗಳದ ಕೃಷ್ಣನನ್ನೇ.

ಕರ್ಣನಿಗೆ ಹೇಳಲಿಲ್ಲ. ಕೊನೆಗೆ ಹೇಳಿದ್ದು ಯುದ್ಧದ ಹೊಸ್ತಿಲಲ್ಲಿ, ಹೇಳುವವರ ಅಗತ್ಯಕ್ಕಾಗಿ. ಅಷ್ಟು ಹೊತ್ತಿಗೆ ಆ ನಿಜದಿಂದ ಅವನು ಏನೂ ಕಟ್ಟಿಕೊಳ್ಳುವಂತಿರಲಿಲ್ಲ. ಶ್ರೋತ್ರಿಗಳದೂ ಅದೇ ಗತಿ. ಅವರ ಬದುಕು ಕುಸಿದದ್ದು ಇನ್ನೊಬ್ಬನ ಬೀಜದಿಂದಲ್ಲ, ಬಚ್ಚಿಟ್ಟದ್ದರಿಂದ. ಭೈರಪ್ಪನವರು ಹಾಗೆ ಹೇಳಲು ಹೊರಟಿದ್ದರೋ ಇಲ್ಲವೋ, ಕಾದಂಬರಿ ನನಗೆ ಹಾಗೆ ಹೇಳಿತು.

ಕಾನೂನೂ ನಿಧಾನವಾಗಿ ಅತ್ತ ಸಾಗುತ್ತಿದೆ. ಸ್ವೀಡನ್ 1985ರಲ್ಲೇ ವೀರ್ಯದಾನಿಯ ಅನಾಮಿಕತೆಯನ್ನು ತೆಗೆಯಿತು. ಬ್ರಿಟನ್ನಿನಲ್ಲಿ 2005ರ ಏಪ್ರಿಲ್ ನಂತರ ದಾನಿಗಳಾದವರ ಹೆಸರನ್ನು ಮಗು 18 ವರ್ಷವಾದ ಮೇಲೆ ಕೇಳಿ ಪಡೆಯಬಹುದು. ಅಮೆರಿಕದಲ್ಲಿ ಕೊಲರಾಡೊ ರಾಜ್ಯದ ಇಂಥದೇ ಕಾನೂನು 2025ರ ಜನವರಿಯಿಂದ ಜಾರಿಗೆ ಬಂದಿದೆ. ಭಾರತದ ಕಾಯ್ದೆ ದಾನಿಯ ಮೈಯನ್ನು ಕಾಪಾಡಲು ಹೊರಟರೂ ಮಗುವಿನ ತಿಳಿಯುವ ಹಕ್ಕಿನ ಬಗ್ಗೆ ಹಿಂದುಳಿದಿದೆ. ಅಮೆರಿಕದ ಹೆಚ್ಚಿನ ರಾಜ್ಯಗಳು ಎರಡರಲ್ಲೂ ಸಡಿಲ.

ನಮ್ಮ ಕೂಟದ ಕುಟುಂಬಗಳಲ್ಲಿ ಈ ದಾರಿಯಲ್ಲಿರುವವರು ಇದ್ದೇ ಇರುತ್ತಾರೆ. ಅವರಿಗೆ ಇಪ್ಪತ್ತೈದು ವರ್ಷದ ಹಿಂದೆ ಕೊಟ್ಟ ಸಲಹೆಯನ್ನು ನಾನು ಈಗ ಹಿಂತೆಗೆದುಕೊಳ್ಳುತ್ತೇನೆ. ಮಗು ಕಥೆ ಕೇಳುವ ವಯಸ್ಸಿನಲ್ಲೇ ಹೇಳಿ. ಮುಂದೆ ಹೆಸರು ತಿಳಿಯಲು ಒಪ್ಪುವ ದಾನಿಯನ್ನೇ ಆರಿಸಿ. ಅವಳಿಗೆ ಎಷ್ಟನೆಯ ಸಲ, ಆಮೇಲೆ ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಕ್ಲಿನಿಕ್ಕನ್ನು ಕೇಳಿ. ಒಬ್ಬ ದಾನಿಗೆ ಆರು ಸಲ ಮೀರಬಾರದೆಂಬ ಸಲಹೆ ಇಲ್ಲಿದೆ. ಅದು ಸಲಹೆಯೇ ಹೊರತು ಕಾನೂನಲ್ಲ. ಕೇಳುವವರಿದ್ದರೆ ಮಾತ್ರ ಅದಕ್ಕೆ ಬೆಲೆ.

ಆ ಹುಡುಗಿ ಈಗ ತನ್ನ ಅಂಡದಾನಿಯನ್ನು ಹುಡುಕುತ್ತಿದ್ದಾಳೆ. ಅವಳ ಅಮ್ಮನೂ ಜೊತೆಗೂಡಿದ್ದಾರೆ. “ಸಿಕ್ಕರೆ ಏನು ಕೇಳ್ತೀಯ?” ಎಂದೆ. “ಮೊದಲು ಹೆಸರು ಕೇಳ್ತೀನಿ ಆಂಟಿ. ಆಮೇಲೆ ಚೆನ್ನಾಗಿದ್ದಾರಾ ಅಂತ” ಎಂದಳು.

ನನಗೆ ನಾಚಿಕೆಯಾಯಿತು. ಅರಿವಳಿಕೆ ಕೊಡುವ ಮುಂಚೆ ಮಲಗಿರುವವರ ಬಾಯಿಂದಲೇ ಹೆಸರು ಹೇಳಿಸಬೇಕು. ನಮ್ಮ ವೃತ್ತಿಯ ಮೊದಲ ಪಾಠವೇ ಅದು. ದಂಪತಿಗೆ ಬರೀ ಒಂದು ಸಂಖ್ಯೆಯಾಗಿದ್ದ ಆ ಹೆಣ್ಣುಮಕ್ಕಳ ಹೆಸರನ್ನು ನಾನು ಪ್ರತಿ ಸಲವೂ ಕೇಳಿದ್ದೆ, ಕಾಗದದ ಜೊತೆ ಹೊಂದಿಸಿ ನೋಡಿದ್ದೆ. ಈಗ ಒಂದಾದರೂ ನೆನಪಿಗೆ ಬರುತ್ತದೆಯೇ ಎಂದು ಯೋಚಿಸಿದೆ. ಬರಲಿಲ್ಲ.